ಹೊಸ್ತಿಲಲ್ಲಿ ಹೇಳಿದ ‘ಬರ್ತೀವಿ’

ನಮ್ಮ ಅಕ್ಕ ಇಪ್ಪತ್ತೆರಡು ವರ್ಷ ಟೊರಾಂಟೋ ಕಡೆಯ ಸ್ಕಾರ್‌ಬರೋದ ಒಂದು ವೃದ್ಧಾಶ್ರಮದ ಅಡಿಗೆಮನೆಯಲ್ಲಿ ದುಡಿದಳು. ಬೆಳಗಿನ ಶಿಫ್ಟು. ಆರಕ್ಕೆ ಅಲ್ಲಿಯ ಒಲೆ ಹೊತ್ತಿಸಿದರೆ ಮಧ್ಯಾಹ್ನ ಎರಡಕ್ಕೆ ಏಪ್ರನ್ನು ಬಿಚ್ಚುವುದು, ಎರಡು ಬಸ್ಸು ಬದಲಿಸಿ ಮನೆಗೆ ಬರುವುದು, ಕೈಕಾಲು ತೊಳೆದು ಮನೆಯ ಒಲೆ ಹೊತ್ತಿಸುವುದು. ಹಬ್ಬ ಬಂದರೆ, ಊರಿಂದ ಯಾರಾದರೂ ಬಂದರೆ, ನಮ್ಮಲ್ಲಿ ಯಾರ ಮನೆಯಲ್ಲಾದರೂ ಕೂಸು ಹುಟ್ಟಿದರೆ, ಅಲ್ಲಿಯ ಒಲೆಯೂ ಅವಳದೇ. ಹೋದ ಸೆಪ್ಟೆಂಬರಿನಲ್ಲಿ ನಿವೃತ್ತಳಾದಳು. ಕೊನೆಯ ದಿನ ಅವಳನ್ನು ಕರೆತರಲು ನಾನೇ ಕಾರು ತೆಗೆದುಕೊಂಡು ಹೋಗಿದ್ದೆ. ತೊಡೆಯ ಮೇಲೆ ಉಳಿದ ಕೇಕಿನ ಡಬ್ಬಿ ಇಟ್ಟುಕೊಂಡು ಕೂತಿದ್ದಳು.

‘ಈಗೇನ್ ಬೇಕಕ್ಕಾ ನಿನಗ? ಕೇಳಿಬಿಡು,’ ಅಂದೆ.

ಸಿಗ್ನಲ್ಲು ಕೆಂಪಿನಿಂದ ಹಸಿರಾಗುವಷ್ಟು ಹೊತ್ತು ಯೋಚಿಸಿದಳು.

‘ಒಂದ್ ವಾರ,’ ಅಂದಳು. ‘ಒಂದ ವಾರ ನಾ ಒಲಿ ಮುಂದ ನಿಲ್ಲಬಾರದು. ಯಾರರೆ ಮಾಡಿದ್ದನ್ನ ಕುಂತು ಉಣಬೇಕು. ಉಣ್ಣೂವಾಗ ನೀವು ಮೂರೂ ಮಂದಿ ನನ್ನೆದುರಿಗೆ ಇರಬೇಕು.’

‘ಎಲ್ಲಿ?’

‘ಎಲ್ಲಾದ್ರೂ ಆಗಲಿ. ಬೆಚ್ಚಗಿರಬೇಕು.’

ಮೂರೂ ಮಂದಿ ಅಂದರೆ ಅವಳ ಮೂವರು ತಮ್ಮಂದಿರು. ಅರೋರಾದಲ್ಲಿರುವವನು ನನಗೆ ಅಣ್ಣ, ಥಾರ್ನ್‌ಹಿಲ್‌ನಲ್ಲಿರುವವನು ನಾನು, ಮಿಸಿಸಾಗಾದಲ್ಲಿರುವವನು ಎಲ್ಲರಿಗೂ ಕಿರಿಯ. ಧಾರವಾಡದ ಒಂದೇ ಓಣಿಯಲ್ಲಿ, ಒಂದೇ ಪರಾತದ ಸುತ್ತ ಕೂತು ಉಂಡು ಬೆಳೆದವರು ನಾವು. ಈಗ ಒಂದೇ ಊರಿನಲ್ಲಿದ್ದೇವೆ ಅಂತ ಹೇಳಿಕೊಳ್ಳುತ್ತೇವೆ, ಆದರೆ ನಾಲ್ವರೂ ಒಟ್ಟಿಗೆ ಕೂತು ಉಣ್ಣಬೇಕಾದರೆ ಹೆದ್ದಾರಿ, ಹಿಮ, ಶಿಫ್ಟು, ಮಕ್ಕಳ ಈಜಿನ ಕ್ಲಾಸು, ಎಲ್ಲದರ ಅಪ್ಪಣೆ ಬೇಕು.

‘ಆತು. ನಾ ಮಾಡಿಸ್ತೀನಿ,’ ಅಂದೆ. ಅಷ್ಟು ಸಲೀಸಾಗಿ ನಾನು ಜೀವಮಾನದಲ್ಲಿ ಇನ್ನೊಂದು ಮಾತು ಕೊಟ್ಟಿಲ್ಲ.

ಫೆಬ್ರುವರಿಯಲ್ಲಿ ಕೆರಿಬಿಯನ್ ದ್ವೀಪವೊಂದಕ್ಕೆ ಹೋಗುವುದು ಅಂತ ನಾನೇ ಸೂಚಿಸಿದೆ. ಟೊರಾಂಟೋದಿಂದ ನಾಲ್ಕೈದು ತಾಸಿನ ವಿಮಾನ, ಇಳಿದರೆ ಸ್ವೆಟರು ಬಿಚ್ಚಬೇಕು. ಸುದ್ದಿ ಹೊರಬಿದ್ದ ವಾರದೊಳಗೆ ನಾವು ನಾಲ್ಕು ಸಂಸಾರ ಇದ್ದದ್ದು ಬೆಳೆಯಿತು. ಕಾಕಾನ ಮಕ್ಕಳು, ಕಾಕು, ವೈನಿಯ ತಂಗಿಯ ಮನೆಯವರು, ಎಲ್ಲ ಸೇರಿ ಇಪ್ಪತ್ತೊಂದು ಜನ ವಾಟ್ಸಾಪ್ ಗುಂಪಿನೊಳಗೆ ಬಂದು ಕೂತರು. ವೈನಿ ಅಂದರೆ ಅಣ್ಣನ ಹೆಂಡತಿ. ಗುಂಪು ತೆರೆದವಳು ಅವರ ಮಗಳು. ಇಪ್ಪತ್ತೊಂಬತ್ತು ವರ್ಷದವಳು, ಇಲ್ಲೇ ಹುಟ್ಟಿದವಳು, ದಂತವೈದ್ಯರ ಹತ್ತಿರ ಕೆಲಸ. ಹಲ್ಲು ಎಣಿಸುವ ಶಿಸ್ತಿನಿಂದಲೇ ಒಂದು ಎಕ್ಸೆಲ್ ಶೀಟು ಮಾಡಿದಳು. ಮೊದಲ ಸಾಲಿನಲ್ಲಿ ಅಕ್ಕನ ಹೆಸರು.

ಆಮೇಲೆ ಏಳು ವಾರ ನಾನು ಅನುಭವಿಸಿದ್ದನ್ನು ಹೇಗೆ ಹೇಳಲಿ. ಯಾವ ದ್ವೀಪ ಎನ್ನುವುದಕ್ಕೇ ಎರಡು ವಾರ ಹೋಯಿತು. ಜಮೈಕಾ ಅಂದರೆ ಒಬ್ಬರು, ‘ಅಲ್ಲಿ ನಮ್ಮ ಆಫೀಸಿನವರು ಹೋಗಿದ್ರು, ನೋಡೂಣು.’ ಬಾರ್ಬಡೋಸ್ ಅಂದರೆ ಇನ್ನೊಬ್ಬರು, ‘ಬಾಳ ಸಣ್ಣದಲ್ಲಾ, ಒಂದ ದಿನದಾಗ ಮುಗೀತೈತಿ, ನೋಡೂಣು.’ ಡೊಮಿನಿಕನ್ ಕಡೆ ಅಂದರೆ ಮೂರು ಹೆಬ್ಬೆರಳು ಬಂದವು. ಹೆಬ್ಬೆರಳು ಎಂದರೆ ಹೌದು ಅಂತ ನಾನು ತಿಳಿದೆ, ‘ಓದಿದೆ’ ಅಂತ ಅದರ ಅರ್ಥವೆಂದು ಆಮೇಲೆ ತಿಳಿಯಿತು. ಕಾಕು, ನಮ್ಮ ತೀರಿಹೋದ ಕಾಕಾನ ಹೆಂಡತಿ, ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಹೇಳುತ್ತಿದ್ದಳು, ನನ್ನ ಪ್ರಶ್ನೆ ಅದರಡಿಯಲ್ಲಿ ಮುಚ್ಚಿಹೋಗುತ್ತಿತ್ತು. ಯಾವ ವಾರ ಎಂದು ಕೇಳಿದರೆ ಒಬ್ಬರಿಗೆ ಪರೀಕ್ಷೆ, ಒಬ್ಬರಿಗೆ ರಜೆ ಸಿಕ್ಕದು, ಒಬ್ಬರಿಗೆ ಅಮಾವಾಸ್ಯೆ ನಡುವೆ ಬರುತ್ತದೆ. ನಮ್ಮ ಮಂದಿಯಲ್ಲಿ ಇಲ್ಲ ಅನ್ನುವ ಪದ್ಧತಿಯೇ ಇಲ್ಲ. ಇಲ್ಲ ಅಂದರೆ ಎದುರಿನವರ ಮನಸ್ಸು ನೋಯುತ್ತದೆ, ಅದಕ್ಕೇ ‘ನೋಡೂಣು’ ಅನ್ನುತ್ತಾರೆ, ಎದುರಿನವನು ಏಳು ವಾರ ನೋಡುತ್ತಲೇ ಕೂರುತ್ತಾನೆ.

ಕೊನೆಗೆ ಅಣ್ಣನೇ ಎಲ್ಲರನ್ನೂ ಒಂದು ಭಾನುವಾರ ಅರೋರಾಕ್ಕೆ ಕರೆದ. ಎಲೆಗಳೆಲ್ಲ ಉದುರಿ ಅಂಗಳದಲ್ಲಿ ಒದ್ದೆಯಾಗಿ ಬಿದ್ದಿದ್ದವು. ಬಾಗಿಲಲ್ಲಿ ಬೂಟುಗಳ ರಾಶಿ, ಬೇಸ್‌ಮೆಂಟಿನಲ್ಲಿ ಕುರ್ಚಿಗಳು, ಟಿವಿಯ ಮೇಲೆ ಒಂದು ವಿಲ್ಲಾದ ಚಿತ್ರ. ಅಣ್ಣ ಇಪ್ಪತ್ತು ದಿನ ಹುಡುಕಿ ತೆಗೆದ ವಿಲ್ಲಾ ಅದು. ಒಂಬತ್ತು ಕೋಣೆ, ಎದುರಿಗೇ ಸಮುದ್ರ. ಸಮುದ್ರವನ್ನು ಅವನು ಬೇಗ ದಾಟಿಸಿಬಿಟ್ಟ. ಅವನಿಗೆ ತೋರಿಸಬೇಕಾಗಿದ್ದದ್ದು ಅಡಿಗೆಮನೆ.

‘ಇಲ್ಲಿ ನೋಡ್ರಿ,’ ಅಂತ ಚಿತ್ರವನ್ನು ಹಿಗ್ಗಿಸಿದ. ‘ಆರು ಉರಿ ಒಲಿ ಐತಿ. ಎರಡು ಫ್ರಿಜ್ಜು.’

ವೈನಿ ಅವನ ಬೆನ್ನಿಗೆ ನಿಂತರು. ಅವರು ಹಿಂದೊಮ್ಮೆ ಗೆಳತಿಯರ ಜೊತೆ ಇಂಥದೇ ದ್ವೀಪದ ರೆಸಾರ್ಟಿಗೆ ಹೋಗಿ ಬಂದವರು. ‘ವೆಜಿಟೇರಿಯನ್ ಅಂದ್ರ ಅವರಿಗೆ ಕೋಳಿ ಆರಿಸಿ ತೆಗದ ಪಾಸ್ತಾ. ನಾ ಏಳು ದಿನ ಕಲ್ಲಂಗಡಿ ತಿಂದು ಜೀವಾ ಹಿಡದೀನಿ. ನಮ್ಮದ ಅಡಗಿ ಮಾಡ್ಕೊಳ್ಳೂದು ಛಲೋ.’

ಮಿಸಿಸಾಗಾದ ತಮ್ಮನ ಹೆಂಡತಿ ಉಡುಪಿಯವಳು, ಮನೆಯಲ್ಲಿ ತುಳು ಆಡಿ ಬೆಳೆದವಳು. ನಾವು ನಾಲ್ಕು ಸುತ್ತು ಹಾಕಿ ಹೇಳುವುದನ್ನು ಅವಳು ನೆಟ್ಟಗೆ ಕೇಳಿಬಿಡುತ್ತಾಳೆ.

‘ಅಲ್ಲ, ನನ್ನದೊಂದು ಪ್ರಶ್ನೆ ಉಂಟು. ಇಷ್ಟು ಜನಕ್ಕೆ ಅಡಿಗೆ ಮಾಡುದು ಯಾರು?’

ಏಳು ವಾರದಲ್ಲಿ ಮೊದಲ ಸಲ ಇಪ್ಪತ್ತೊಂದು ಜನ ಒಂದೇ ಕಡೆ ತಲೆ ಆಡಿಸುತ್ತಿದ್ದರು, ಅದು ಎಲ್ಲಿ ಕೈಬಿಟ್ಟು ಹೋಗುತ್ತದೋ ಎಂದು ನನಗೆ ಹೆದರಿಕೆ.

‘ಅಕ್ಕ ಇರೂತನಕ ಆ ಚಿಂತಿ ನಮಗ್ಯಾಕವಾ,’ ಅಂದೆ ನಾನು. ‘ಸಮುದ್ರದ ಗಾಳಿ, ಅಕ್ಕನ ಕೈ ರೊಟ್ಟಿ. ಇನ್ನೇನ್ ಬೇಕು.’

ಎಲ್ಲರೂ ನಕ್ಕರು. ಅಕ್ಕ ಆಗ ತಿಂಡಿಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಅವಳೂ ನಕ್ಕಂತೆಯೇ ನನಗೆ ಕಂಡಿತು. ಸಭೆ ಮುಗಿಯಿತು.

ಹೊರಡುವಾಗ ಅಣ್ಣನ ಮಗಳು ಫೋನು ಹಿಡಿದು ಬಾಗಿಲಲ್ಲಿ ನಿಂತಳು. ಒಬ್ಬೊಬ್ಬರಾಗಿ ಬೂಟು ಏರಿಸಿ ಬಾಗಿಲಿಗೆ ಬಂದಂತೆ ತನಗೆ ಬರುವ ಕನ್ನಡದಲ್ಲಿ ಕೇಳಿದಳು, ‘ಸೋ, ಬರ್ತೀರಾ?’

‘ಹೂಂ ಯವ್ವಾ, ಬರ್ತೀವಿ.’

‘ಅಜ್ಜಿ, ಬರ್ತೀರಾ?’

‘ಬರ್ತೀನಿ ನನ್ ಕಂದಾ, ಬರ್ತೀನಿ,’ ಅಂದಳು ಕಾಕು, ಅವಳ ಗಲ್ಲ ಮುಟ್ಟಿ.

ಅಕ್ಕ ಕೂಡ ಶಾಲು ಹೊದ್ದು, ‘ಬರ್ತೀನವಾ,’ ಅಂದಳು. ನಾನೂ ನನ್ನ ಹೆಂಡತಿಯೂ ಅಂದೆವು. ಹುಡುಗಿ ಪ್ರತಿ ಸಲ ಬೆರಳಾಡಿಸಿ ಒಂದು ಹಸಿರು ಗುರುತು ಹಾಕಿದಳು. ಸಂಜೆ ಗುಂಪಿನಲ್ಲಿ ಶೀಟು ಬಂತು. ಇಪ್ಪತ್ತೊಂದಕ್ಕೆ ಇಪ್ಪತ್ತೊಂದೂ ಹಸಿರು. ಅದನ್ನು ನೋಡಿ ನಾನು ಒಂದು ಲೋಟ ಚಹಾ ಹೆಚ್ಚಿಗೆ ಕುಡಿದೆ.

ವಿಲ್ಲಾದವರು ಮುಂದಿನ ವಾರ ಪಾಸ್‌ಪೋರ್ಟಿನಲ್ಲಿರುವಂತೆ ಎಲ್ಲರ ಹೆಸರು ಕೇಳಿದರು. ಹತ್ತು ದಿನದೊಳಗೆ ಪಟ್ಟಿ ಕಳಿಸಬೇಕು, ಇಲ್ಲದಿದ್ದರೆ ಆ ವಾರ ಬೇರೆಯವರಿಗೆ. ಹುಡುಗಿ ಎಲ್ಲರಿಗೂ ಫೋನು ಮಾಡಲು ಕೂತಳು. ಒಂದು ತಾಸಿಗೆ ನನಗೆ ಮಾಡಿದಳು. ದನಿ ಅಳುವಿಗೆ ಹತ್ತಿರವಿತ್ತು.

‘ಕಾಕಾ, ಪೀಪಲ್ ಆರ್ ಆಸ್ಕಿಂಗ್ ಮಿ, ಎಲ್ಲಿಗವಾ ಅಂತ. ದೇ ಆಲ್ ಸೆಡ್ ಯೆಸ್. ನಾನು ಬಾಗಿಲಲ್ಲಿ ಕೇಳಿದೆ. ಎವ್ರಿ ಸಿಂಗಲ್ ಪರ್ಸನ್ ಬರ್ತೀವಿ ಅಂದ್ರು.’

ನಾನು ಮೊದಲು ನಕ್ಕೆ. ಆಮೇಲೆ ನಾವು ಎಲ್ಲಿ ತಪ್ಪಿದೆವು ಎಂದು ಹೊಳೆಯಿತು.

ನಮ್ಮ ಅಜ್ಜಿಯ ಮನೆಯಲ್ಲಿ ‘ಹೋಗ್ತೀನಿ’ ಅನ್ನುವ ಮಾತೇ ಇರಲಿಲ್ಲ. ಸಾಲೆಗೆ ಹೊರಟ ನಾನು ಹೊಸ್ತಿಲಲ್ಲಿ ನಿಂತು ಹೋಗ್ತೀನಿ ಅಂದರೆ ಒಳಗೆ ಕರೆದು, ಗೋಡೆಗೆ ಆನಿಸಿ ಕೂರಿಸಿ, ಎರಡು ಗುಟುಕು ನೀರು ಕುಡಿಸಿ, ‘ಈಗ ಏಳು. ಏನಂತಿ?’ ಅನ್ನುತ್ತಿದ್ದಳು. ‘ಬರ್ತೀನಿ’ ಅಂದಮೇಲೆಯೇ ಬಿಡುಗಡೆ. ಹೋಗ್ತೀನಿ ಅಂದವರು ಹೋಗೇಬಿಡುತ್ತಾರೆ, ಬರ್ತೀನಿ ಅಂದವರು ತಿರುಗಿ ಬರುತ್ತಾರೆ ಎಂಬುದು ಅವಳ ಲೆಕ್ಕ. ಸಾಲೆಯ ಗಂಟೆ ಹೊಡೆದರೂ ಅವಳಿಗೆ ಚಿಂತೆಯಿಲ್ಲ. ಈ ಸೀಮೆಗೆ ಬಂದು ಮೂವತ್ತು ವರ್ಷವಾದರೂ, ಹೊಸ್ತಿಲೇ ಇಲ್ಲದ, ಚಳಿ ತಡೆಯಲು ಬರೀ ಒಂದು ಅಲ್ಯೂಮಿನಿಯಂ ಪಟ್ಟಿ ಇರುವ ಈ ಬಾಗಿಲುಗಳಲ್ಲೂ ನಮ್ಮ ಬಾಯಿಗೆ ಬೇರೆ ಮಾತು ಬರದು. ಹುಡುಗಿ ನಮ್ಮ ಮನೆಗಳ ನೂರಾರು ಬಾಗಿಲಲ್ಲಿ ಈ ಮಾತು ಕೇಳಿರಬೇಕು. ಕೇಳಿದ ಮೇಲೆ ನಾವು ಕಾರು ಹತ್ತಿ ಹೋಗುವುದನ್ನೂ ನೋಡಿರಬೇಕು. ಅರ್ಥ ಹೇಳಿಕೊಡಬೇಕು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ.

‘ಸೋ ಇಟ್ ಮೀನ್ಸ್ ಬೈ?’ ಅಂದಳು.

‘ಹೂಂ. ಒಂದ್ ರೀತಿ.’

‘ಐ ಬುಕ್ಡ್ ಟ್ವೆಂಟಿ-ಒನ್ ಬೈಸ್.’

ಅಲ್ಲಿಂದ ನಾನೇ ಫೋನು ಹಿಡಿದೆ. ಮಿಲ್ಟನ್ನಿನಲ್ಲಿರುವ ಕಾಕಾನ ಮಗನಿಗೆ ಮಾಡಿದರೆ, ‘ಅಣ್ಣಾ, ನಾ ಎಲ್ಲಿ ಬರ್ತೀನಂದೆ? ಬೂಟು ಹಾಕ್ಕೊಂತ ಬರ್ತೀನಿ ಅಂದೆ. ಎರಡೂ ಒಂದ ಏನು?’ ಅಂದ. ವೈನಿಯ ತಂಗಿ, ‘ಅಂದಿದ್ದು ಖರೆ ರೀ. ಆದ್ರ ಅದು ಹೊಂಟಾಗ ಅಂದದ್ದು,’ ಅಂದರು. ಹಾಗಾದರೆ ದ್ವೀಪಕ್ಕೆ? ‘ನೋಡೂಣಲ್ರಿ.’ ಇನ್ನೊಬ್ಬ ಕಾಕಾನ ಮಗ ಫೋನೇ ಎತ್ತಲಿಲ್ಲ, ಹೆಬ್ಬೆರಳು ಕಳಿಸಿದ. ಈ ನಡುವೆ ಹುಡುಗಿ ಗೊಂದಲ ತಪ್ಪಿಸಲೆಂದು ಗುಂಪಿನಲ್ಲಿ ಹೊಸದಾಗಿ ಬರೆದಳು: ‘ಯಾರು ಯಾರು ಹೋಗ್ತೀರಿ?’ ಅರ್ಧ ತಾಸಿನಲ್ಲಿ ಕಾಕುವಿನ ಧ್ವನಿಸಂದೇಶ ಬಂತು. ‘ಹಂಗ ಕೇಳಬಾರದು ಕಂದಾ. ಅದೂ ವಿಮಾನದ ಸುದ್ದಿ ಇದ್ದಾಗ. ಅಳಿಸಿಬಿಡು.’ ಅವಳು ಅಳಿಸಿದಳು. ಈಗ ಬರ್ತೀರಾ ಅನ್ನುವಂತಿಲ್ಲ, ಹೋಗ್ತೀರಾ ಅನ್ನುವಂತಿಲ್ಲ. ನನಗೆ ಆ ವಾರ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಕಾರಿನ ಸ್ಟೀರಿಂಗಿನ ಮೇಲೆ ಮಾಡಿದೆ.

ಎಂಟು ದಿನದಲ್ಲಿ ಹತ್ತು ಹಸಿರು ಗುರುತು ಅಳಿಸಿಹೋದವು. ಹೋಗಲಿ, ನಮ್ಮ ನಾಲ್ಕು ಸಂಸಾರ ಉಳಿದವು, ಅಕ್ಕ ಕೇಳಿದ್ದೂ ಅಷ್ಟನ್ನೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಆಗ ಹುಡುಗಿ ಕೇಳಿದಳು:

‘ಅತ್ತಿದು ಏನು ಮಾಡ್ಲಿ, ಕಾಕಾ?’

‘ಅಕ್ಕನ್ನ ಏನ್ ಕೇಳ್ತಿ? ಇದೆಲ್ಲಾ ಮಾಡಾಕತ್ತಿದ್ದ ಆಕಿ ಸಲುವಾಗಿ.’

‘ಬಟ್ ಅತ್ತೀನೂ ಬಾಗಿಲಲ್ಲೇ ಹೇಳಿದ್ದು.’

ಅಕ್ಕನಿಗೆ ಫೋನು ಮಾಡಿದೆ. ಪಾಸ್‌ಪೋರ್ಟಿನ ಫೋಟೋ ಕಳಿಸು ಅಂದೆ. ‘ನೋಡೂಣು ತಗೋ,’ ಅಂದಳು. ಆ ಮಾತನ್ನು ಅವಳ ಬಾಯಿಂದ ನಾನು ಎಂದೂ ಕೇಳಿರಲಿಲ್ಲ. ಅಕ್ಕ ಬೇಕು ಅಂದರೆ ಬೇಕು, ಬ್ಯಾಡ ಅಂದರೆ ಬ್ಯಾಡ ಅನ್ನುವವಳು. ಮರುದಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಸ್ಕಾರ್‌ಬರೋಕ್ಕೆ ಹೋದೆ.

ಹೋದಾಗ ಮಧ್ಯಾಹ್ನ. ಅಕ್ಕನ ಗಂಡ, ನಾವು ಮಾಮಾ ಅನ್ನುತ್ತೇವೆ, ಕೈತೊಳೆದು ಮೇಜಿನ ಮುಂದೆ ಕೂತಿದ್ದರು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿದ್ದೇ ಇನ್ನೊಂದು ತಟ್ಟೆ ಇಟ್ಟು, ಇನ್ನಷ್ಟು ಹಿಟ್ಟು ಸುರಿದುಕೊಂಡಳು. ಬ್ಯಾಡ ಅನ್ನಲು ನಾನು ಬಾಯಿ ತೆರೆಯುವ ಮೊದಲೇ ಅದು ನೀರು ಕುಡಿದಿತ್ತು.

‘ಅಕ್ಕಾ, ನೀ ಬರ್ತೀಯಿಲ್ಲೋ? ಸೀದಾ ಹೇಳು.’

‘ಬರ್ತೀನಿ ಅಂದದ್ದು ಹೊಂಟಾಗ ಅಂದೆ.’

‘ಮಂದಿ ಹಂಗ ಅನ್ನಾಕತ್ತಾರಂದ್ರ ನೀನೂ ಹಂಗ ಅಂತಿಯಲ್ಲ.’

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. ಬೆನ್ನು ನನ್ನ ಕಡೆಗಿತ್ತು.

‘ಟಿವಿಯಾಗ ಆ ಮನಿ ಒಲಿ ನೋಡಿದೆ. ಆರು ಉರಿ ಇದ್ವು. ನನ್ನ ಕೆಲಸದಾಗೂ ಆರ ಇದ್ದದ್ದು.’

‘ಹಂಗಂದ್ರ?’

‘ಇಲ್ಲೆ ಇಬ್ಬರಿಗೆ ಮಾಡಿದ್ರ ಮುಗೀತು. ಅಲ್ಲೆ ಇಪ್ಪತ್ತೊಂದು ಮಂದಿಗೆ ಮಾಡಬೇಕು. ಅದಕ್ಕ ನಾ ಇಲ್ಲೇ ರಜಾ ಮಾಡ್ತೀನಿ. ನೀವು ಹೋಗಿ ಬರ್ರಿ.’

‘ಯಾರಂದ್ರು ನೀ ಮಾಡಬೇಕಂತ? ಹೇಳು, ಯಾರಂದ್ರು?’

ಅಕ್ಕ ತಿರುಗಿ ನನ್ನ ಮುಖ ನೋಡಿದಳು. ಸಿಟ್ಟಿನ ನೋಟವಲ್ಲ. ಚಿಕ್ಕಂದಿನಲ್ಲಿ ನಾನು ಅಂಗಿಯ ಗುಂಡಿ ತಪ್ಪಿಸಿ ಹಾಕಿಕೊಂಡಾಗ, ನಾನೇ ಕಂಡುಕೊಳ್ಳಲಿ ಅಂತ ನೋಡುತ್ತ ನಿಲ್ಲುತ್ತಿದ್ದಳಲ್ಲ, ಹಾಗೆ. ಮಾಮಾ ನೀರಿನ ಲೋಟದೊಳಗೆ ಕಣ್ಣಿಟ್ಟರು. ಅಣ್ಣನ ಬೇಸ್‌ಮೆಂಟಿನಲ್ಲಿ ಎಲ್ಲರೂ ನಕ್ಕದ್ದು ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು. ಸಮುದ್ರದ ಗಾಳಿ, ಅಕ್ಕನ ಕೈ ರೊಟ್ಟಿ. ಏಳು ವಾರ ಊರಿಗೆಲ್ಲ ಬೈಯುತ್ತ ತಿರುಗಿದೆ, ಹೆಬ್ಬೆರಳಿಗೆ ಬೈದೆ, ಗುಲಾಬಿ ಹೂವಿಗೆ ಬೈದೆ. ಅವಳನ್ನು ಇಪ್ಪತ್ತೊಂದು ಜನರ ಎದುರು ಒಲೆಯ ಮುಂದೆ ನಿಲ್ಲಿಸಿದವನು ನಾನು.

ಅವಳು ನನ್ನ ತಟ್ಟೆಗೆ ರೊಟ್ಟಿ ಹಾಕಿದಳು. ಇದನ್ನೂ ಹೇಳಿಬಿಡಬೇಕು, ಅಷ್ಟಾದ ಮೇಲೂ ನಾನು ಮೂರು ರೊಟ್ಟಿ ಉಂಡೆ.

ಮನೆಗೆ ಬಂದು ಅಣ್ಣನಿಗೂ ತಮ್ಮನಿಗೂ ಒಟ್ಟಿಗೆ ಫೋನು ಹಚ್ಚಿ, ವಿಲ್ಲಾ ಬ್ಯಾಡ ಅಂದೆ.

‘ಇಪ್ಪತ್ತು ದಿನ ಹುಡುಕೀನಿ ನಾ,’ ಅಂದ ಅಣ್ಣ. ‘ಅಂದು ಎಲ್ಲಾರೂ ಹೂಂ ಅಂದ್ರಿ. ನೀನ ಮೊದಲ ಹೂಂ ಅಂದಾಂವ.’

‘ನಾ ಅಂದದ್ದು ತಪ್ಪಾತು.’ ಕಾರಿನಲ್ಲಿ ಅಕ್ಕ ಕೇಳಿದ್ದನ್ನೂ, ನಾನು ಮಾತು ಕೊಟ್ಟದ್ದನ್ನೂ, ಆ ಮಧ್ಯಾಹ್ನ ಆಕೆ ಅಂದದ್ದನ್ನೂ ಹೇಳಿದೆ. ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಎಂದು ಅಣ್ಣ ಕೇಳಿದ. ಬೆಚ್ಚಗಿರಬೇಕು ಅನ್ನುವುದೊಂದನ್ನು ಹಿಡಿದು ಉಳಿದದ್ದನ್ನು ನಾನೇ ಮರೆತಿದ್ದೆ.

ಅಣ್ಣನ ಪಕ್ಕದಿಂದ ವೈನಿಯ ದನಿ ಬಂತು. ‘ಹಂಗಾದ್ರ ಪಾಳಿ ಹಚ್ಚೂಣು. ದಿನಕ್ಕ ಒಬ್ಬೊಬ್ಬರು. ಅಕ್ಕಾವರು ಕೈ ಹಚ್ಚೂದ ಬ್ಯಾಡ.’

ಅದು ಸರಿ ಅನ್ನಿಸಿತು. ಆಗ ತಮ್ಮನ ಹೆಂಡತಿ ಫೋನಿಗೆ ಬಂದಳು.

‘ಭಾವ, ಅವರು ಸುಮ್ಮನೆ ಕೂರುವ ಜನವಾ? ಎರಡನೇ ದಿನ ಬೆಳಿಗ್ಗೆ ಐದಕ್ಕೆ ಎದ್ದು ಉಪ್ಪಿಟ್ಟು ಮಾಡಿ ಇಡ್ತಾರೆ. ನಾವು, ಅಯ್ಯೋ ಅಕ್ಕ ಯಾಕೆ ಮಾಡ್ಲಿಕ್ಕೆ ಹೋದ್ರಿ ಅಂತ ಹೇಳ್ತಾ ತಿಂತೇವೆ. ಒಲೆ ಕಂಡ್ರೆ ಅವರು ಏಳುದೇ. ಒಲೆ ಇಲ್ಲದ ಜಾಗಕ್ಕೆ ಕರ್ಕೊಂಡು ಹೋಗ್ಬೇಕು.’

ಆ ಉಪ್ಪಿಟ್ಟಿನ ವಾಸನೆ ಎಲ್ಲರ ಮೂಗಿಗೂ ಬಂದಿತ್ತು.

ಹೊಸ ಜಾಗ ಹುಡುಕುವ ಕೆಲಸವನ್ನು ಅವಳೇ ಎತ್ತಿಕೊಂಡಳು. ನಾಲ್ಕು ರೆಸಾರ್ಟಿನವರಿಗೆ ಬರೆದಳು. ಮೂವರು ಸಲಾಡಿನ ಚಿತ್ರ ಕಳಿಸಿದರು. ಒಬ್ಬರ ಅಡಿಗೆಯವನು ಮಾತ್ರ ಉದ್ದದ ಉತ್ತರ ಬರೆದಿದ್ದ. ಅವರೆ ಕಾಳಿನಂಥ ಕಾಳು ಹಾಕಿದ ಅನ್ನ, ಸೊಪ್ಪಿನ ಪಲ್ಯ, ಹುರಿದ ಬಾಳೆಕಾಯಿ, ಕುಂಬಳಕಾಯಿಯ ಸಾರು, ಎಲ್ಲ ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತೇನೆ, ಖಾರ ಎಷ್ಟು ಬೇಕು ಅಂತ. ಅದನ್ನು ನಮಗೆ ಕಳಿಸುವಾಗ ‘ನನಗೆ ಮೀನೂ ಉಂಟು,’ ಅಂತ ಅವಳು ಕೆಳಗೆ ಸೇರಿಸಿದ್ದಳು. ಕೋಣೆಗಳಲ್ಲಿ ಒಲೆಯಿಲ್ಲ. ಬಿಸಿಯಾಗುವ ವಸ್ತು ಅಂದರೆ ಒಂದು ಕಾಫಿ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ. ಅದನ್ನೂ ಅವಳು ಕೇಳಿ ತಿಳಿದುಕೊಂಡಿದ್ದಳು.

ವೈನಿ ಮೂರು ದಿನ ಮಾತಾಡಲಿಲ್ಲ. ಕಲ್ಲಂಗಡಿ ತಿನ್ನಲು ಅಷ್ಟು ದೂರ ಹೋಗಬೇಕೇ ಅಂತ ಒಂದು ಸಂದೇಶ ಮಾತ್ರ ಬಂತು. ಅಣ್ಣ ಬರದಿದ್ದರೆ ಅಕ್ಕ ಕೇಳಿದ್ದು ಅರ್ಧವಾಯಿತು. ಅರೋರಾಕ್ಕೆ ಹೋಗಿ ಅವರ ಸೋಫಾದ ಮೇಲೆ ಎರಡು ತಾಸು ಕೂತೆ. ಹವೆ, ಹಿಮ, ಮೊಣಕಾಲು ನೋವು, ಎಲ್ಲ ಮಾತಾಡಿದೆವು. ಕೊನೆಗೆ ವೈನಿ ಬಿಸ್ಕೀಟಿನ ತಟ್ಟೆಯನ್ನು ನನ್ನ ಕಡೆ ಸರಿಸಿ, ‘ಬರ್ತೀವಿ ತಗೋರಿ,’ ಅಂದರು. ಮಗಳು ಕೂಡಲೇ ಫೋನಿನಿಂದ ತಲೆ ಎತ್ತಿದಳು. ‘ಮಮ್ಮಿ ಕೂತಿದ್ದಾಳೆ. ದಟ್ ಕೌಂಟ್ಸ್.’ ಅಂದಿನಿಂದ ಅವಳು ಅದನ್ನೇ ಕಾಯಿದೆ ಮಾಡಿದಳು. ನಿಂತು ಹೇಳಿದ ಬರ್ತೀನಿಯನ್ನು ಅವಳು ಬರೆದುಕೊಳ್ಳುವುದಿಲ್ಲ.

ಉಳಿದದ್ದು ಅಕ್ಕ. ಡಿಸೆಂಬರಿನ ಒಂದು ಭಾನುವಾರ ಉಳಿದ ಮೂರೂ ಮನೆಯವರನ್ನು ಥಾರ್ನ್‌ಹಿಲ್‌ಗೆ ಊಟಕ್ಕೆ ಕರೆದೆ. ಅಡಿಗೆ ನಾನು ಮಾಡುತ್ತೇನೆ ಅಂದೆ. ನನ್ನ ಹೆಂಡತಿ ಪಲ್ಯ, ಸಾರು ನೋಡಿಕೊಂಡು, ರೊಟ್ಟಿಯನ್ನು ನನ್ನ ಪಾಲಿಗೆ ಬಿಟ್ಟಳು. ಬೆಳಗಿನಿಂದ ಬಡಿದೆ. ಒಂದಕ್ಕೂ ದುಂಡಗಿನ ಅಂಚಿಲ್ಲ.

‘ಜಮೈಕಾ ಇದು,’ ಅಂದ ತಮ್ಮ, ಒಂದನ್ನು ಎತ್ತಿ ಹಿಡಿದು. ‘ಇದು ನೋಡ್ರಿ, ಪಕ್ಕದ ಸಣ್ಣ ದ್ವೀಪ.’

ಅಕ್ಕ ಮೂರು ಸಲ ಎದ್ದಳು. ಮೊದಲ ಸಲ ಹಂಚು ಸುಡುತ್ತಿದೆ ಅಂತ, ಎರಡನೆಯ ಸಲ ಬರೀ ನೀರು ಬೇಕು ಅಂತ. ಮೂರನೆಯ ಸಲ ನೆಪವನ್ನೂ ಹೇಳಲಿಲ್ಲ. ಮೂರೂ ಸಲ ತಮ್ಮನ ಹೆಂಡತಿ ಭುಜ ಹಿಡಿದು ಕೂರಿಸಿದಳು. ‘ಕೂತ್ಕೊಳ್ಳಿ ಅಕ್ಕ. ಪ್ರಾಕ್ಟೀಸ್ ಮಾಡಿ.’ ಅಕ್ಕ ನನ್ನ ರೊಟ್ಟಿಯನ್ನು ಮುರಿದಳು. ಅದು ಮುರಿದ ಸಪ್ಪಳ ಎಲ್ಲರಿಗೂ ಕೇಳಿಸಿತು. ಎರಡು ಉಂಡಳು. ನಾವು ಮೂವರೂ ಎದುರಿಗೆ ಕೂತಿದ್ದೆವು. ಪ್ರವಾಸದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಕೇಳಿದರೆ ಇಲ್ಲ ಅಂದಾಳು ಅಂತ ನನಗೆ ಭಯ. ಹೊಸ ಜಾಗದ ಚಿತ್ರಗಳನ್ನೂ, ಅಡಿಗೆಯವನ ಕಾಗದವನ್ನೂ ಅವಳಿಗೆ ಕಳಿಸಿ ಹತ್ತು ದಿನವಾಗಿತ್ತು, ಉತ್ತರ ಬಂದಿರಲಿಲ್ಲ. ರೆಸಾರ್ಟಿಗೆ ಪಟ್ಟಿ ಕಳಿಸಲು ಮರುದಿನವೇ ಕೊನೆ.

ನಾಲ್ಕು ಗಂಟೆಗೆ ಮಾಮಾ ಕಾರು ಬಿಸಿ ಮಾಡಲು ಹೊರಗೆ ಹೋದರು. ಅಕ್ಕ ಕೋಟು ತೊಟ್ಟು ಒಂದು ಬೂಟು ಏರಿಸಿದಳು. ಗೋಡೆ ಹಿಡಿದು ನಿಂತು, ‘ಬರ್ತೀನ್ರಪಾ,’ ಅಂದಳು.

ಹುಡುಗಿ ನನ್ನನ್ನು ನೋಡಿದಳು. ನಾನು ಹುಡುಗಿಯನ್ನು ನೋಡಿದೆ.

‘ಯಾಕವಾ,’ ಅಂದಳು ಅಕ್ಕ. ‘ನನ್ನ ಹೆಸರು ಬರ್ಕೊಳ್ಳೂದಿಲ್ಲೇನು?’

‘ಅತ್ತಿ, ಯು ಹ್ಯಾವ್ ಟು ಸಿಟ್.’

ಅಕ್ಕ ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಕಾಲುಚೀಲ ಇದ್ದ ಹಾಗೆಯೇ ನಾಲ್ಕು ಹೆಜ್ಜೆ ಒಳಗೆ ಬಂದು, ಮಹಡಿ ಮೆಟ್ಟಿಲಿನ ಮೇಲೆ ಕೂತಳು. ಕೋಟಿನ ತುದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು.

‘ಕುಂತೀನಿ. ಬರ್ಕೋ. ಬರ್ತೀನಿ.’

ಹುಡುಗಿ ಬರೆದುಕೊಂಡಳು.

‘ಆದ್ರ ಒಂದ ಮಾತು,’ ಅಂದಳು ಅಕ್ಕ, ನನ್ನ ಕಡೆ ತಿರುಗಿ. ‘ಚಟ್ನಿಪುಡಿ, ಶೇಂಗಾ ಹೋಳಿಗಿ, ಏನೂ ನಾ ಮಾಡ್ಕೊಂಡು ಬರೂದಿಲ್ಲ. ಬಾಯಿ ಬೇಡಿದ್ರ ನೀವ ಮಾಡ್ಕೊಂಡು ಬರ್ರಿ.’

‘ನಾ ಮಾಡ್ತೀನಕ್ಕಾ.’

‘ನಿನ್ನ ರೊಟ್ಟಿ ಉಂಡೀನಿ,’ ಅಂದಳು. ‘ನಿಮ್ಮ ವೈನಿ ಮಾಡಲಿ.’

ವೈನಿ ಆಗಲೇ ಬೇರೆ ಕಡೆ ನೋಡುತ್ತಿದ್ದರು. ಅದು ಇನ್ನೂ ತೀರ್ಮಾನವಾಗಿಲ್ಲ. ಗುಂಪಿನಲ್ಲಿ ನೋಡೂಣು ಅಂತ ಬಂದಿದೆ.

ಅಕ್ಕ ಎದ್ದು ಎರಡನೆಯ ಬೂಟು ಏರಿಸಿದಳು. ಬಾಗಿಲು ತೆರೆದಾಗ ಹಿಮದ ಪುಡಿ ಒಂದಿಷ್ಟು ಒಳಗೆ ಬಂತು. ಅಲ್ಯೂಮಿನಿಯಂ ಪಟ್ಟಿಯ ಆಚೆ ಕಾಲಿಡುವ ಮೊದಲು ಮತ್ತೆ ತಿರುಗಿದಳು.

‘ಬರ್ತೀನಿ.’

‘ಇದು ಯಾವುದು, ಅತ್ತಿ?’ ಅಂದಳು ಹುಡುಗಿ.

‘ಇದು ಹೊಂಟದ್ದು,’ ಅಂದಳು ಅಕ್ಕ, ಕಂಬಿ ಹಿಡಿದು ಮೆಲ್ಲಗೆ ಮೆಟ್ಟಿಲಿಳಿದಳು.